ಊರು ಬಿಟ್ಟ ಹುಡುಗ, ಅನ್ನವಿಟ್ಟ ಮನೆಗಳು

(ಸಂಘದ ವಾರ್ಷಿಕ ಉಪನ್ಯಾಸಮಾಲೆಯಲ್ಲಿ, ಸರ್ವಸಾಧಾರಣ ಸಭೆಯ ಹಿಂದಿನ ದಿನ ಮಾಡಿದ ಭಾಷಣದ ಲಿಖಿತ ರೂಪ)



‘ಕಲಾವಿದನ ಪೂರ್ವಜೀವನ ಮತ್ತು ಶಿಕ್ಷಣ’ ಎಂಬ ವಿಷಯವನ್ನು ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ತಿಳಿಸಿದಾಗ, ಯಾವ ಕಲಾವಿದನನ್ನು ಆರಿಸಿಕೊಳ್ಳಬೇಕೆಂಬ ಪ್ರಶ್ನೆ ನನ್ನನ್ನು ಹೆಚ್ಚು ಹೊತ್ತು ಕಾಡಲಿಲ್ಲ. ನಾವು ಪುಣೆಯಲ್ಲಿದ್ದೇವೆ. ಈ ಊರಿನಲ್ಲಿ ಮನೆಮಾಡಿ, ಇಲ್ಲಿಯೇ 2011ರ ಜನವರಿ 24ರಂದು ಕಣ್ಣುಮುಚ್ಚಿದ ಪಂಡಿತ ಭೀಮಸೇನ ಜೋಶಿಯವರನ್ನು ಬಿಟ್ಟು ಬೇರೊಬ್ಬರ ಹೆಸರು ನೆನಪಿಗೆ ಬರುವುದು ಕಷ್ಟ. ಅವರ ಜನ್ಮಶತಮಾನೋತ್ಸವ 2022ರಲ್ಲಿ ಮುಗಿದುಹೋಗಿದೆ. ಆ ವರ್ಷ ಆದ ಭಾಷಣಗಳನ್ನು ನಿಮ್ಮಲ್ಲಿ ಅನೇಕರು ಕೇಳಿದ್ದೀರಿ. ಆದ್ದರಿಂದ ಅವರ ಗಾಯನದ ಹಿರಿಮೆಯನ್ನು ವರ್ಣಿಸಲು ನಾನು ಇಲ್ಲಿ ನಿಂತಿಲ್ಲ. 1946ಕ್ಕಿಂತ ಹಿಂದಿನ ಭೀಮಸೇನರು, ಅಂದರೆ ಇನ್ನೂ ಯಾರೂ ಆಗಿರದಿದ್ದ ಒಬ್ಬ ಹುಡುಗ, ಬದುಕಿ ಉಳಿದು ವಿದ್ಯೆ ಕಲಿತದ್ದು ಹೇಗೆ ಎಂಬುದಷ್ಟೇ ನನ್ನ ವಿಷಯ.

ಈ ಕಥೆ ನಮ್ಮ ಮನೆಮನೆಗಳಲ್ಲಿ ಒಂದು ಬಗೆಯಾಗಿ ಪ್ರಚಾರದಲ್ಲಿದೆ. ಹನ್ನೊಂದು ವರ್ಷದ ಹುಡುಗ ಊಟದ ತಟ್ಟೆಯಲ್ಲಿ ತುಪ್ಪ ಸಾಲದೆಂದು ಜಗಳಮಾಡಿ ಮನೆಬಿಟ್ಟ, ಟಿಕೇಟಿಲ್ಲದೆ ರೈಲು ಹತ್ತಿದ, ಹಸಿದ, ಅಲೆದ, ಛಲ ಬಿಡಲಿಲ್ಲ, ಕೊನೆಗೆ ಭಾರತರತ್ನನಾದ. ಮಕ್ಕಳಿಗೆ ಇದನ್ನು ಛಲದ ಪಾಠವೆಂದು ಹೇಳುತ್ತೇವೆ. ಕಥೆ ಸುಳ್ಳಲ್ಲ. ಆದರೆ ಇದರಲ್ಲಿ ಒಬ್ಬನೇ ಪಾತ್ರಧಾರಿ ಇದ್ದಾನೆ. ಮಿಕ್ಕವರೆಲ್ಲ ಪರದೆಯ ಹಿಂದೆ ಸರಿದಿದ್ದಾರೆ. ಹನ್ನೊಂದರ ಹುಡುಗ ಮೂರು ವರ್ಷ ಪರಊರುಗಳಲ್ಲಿ ಬದುಕಿದನೆಂದರೆ, ದಿನಕ್ಕೊಮ್ಮೆಯಾದರೂ ಯಾರೋ ಅವನಿಗೆ ಅನ್ನ ಹಾಕಿರಬೇಕಲ್ಲವೆ? ಆ ‘ಯಾರೋ’ ಎಂಬವರನ್ನು ಪರದೆಯ ಮುಂದೆ ಕರೆಯುವುದು ನನ್ನ ಉದ್ದೇಶ. ನಾಳಿನ ಸಭೆಗೂ ಇದಕ್ಕೂ ಸಂಬಂಧವಿದೆ. ಅದನ್ನು ಕೊನೆಗೆ ಹೇಳುತ್ತೇನೆ.

1. ಅಂಗಿಯ ಮೇಲಿನ ಬರಹ

ಭೀಮಸೇನರು ಹುಟ್ಟಿದ್ದು 1922ರ ಫೆಬ್ರುವರಿ 4ರಂದು, ಈಗಿನ ಗದಗ ಜಿಲ್ಲೆಯ ರೋಣದಲ್ಲಿ. ಆಗ ಅದು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆ. ತಂದೆ ಗುರುರಾಜ ಜೋಶಿಯವರು ಶಾಲಾ ಮಾಸ್ತರರು. ಕನ್ನಡ-ಇಂಗ್ಲಿಷ್ ನಿಘಂಟು ರಚಿಸಿದ ವಿದ್ವಾಂಸರು. ಹದಿನಾರು ಮಕ್ಕಳ ಆ ಮನೆಯಲ್ಲಿ ಭೀಮಸೇನ ಹಿರಿಯ ಮಗ. ಮಾಸ್ತರಿಕೆಯ ಸಂಬಳದಲ್ಲಿ ಅಷ್ಟು ಹೊಟ್ಟೆಗಳು ತುಂಬಬೇಕಾದ ಮನೆಯಲ್ಲಿ ತುಪ್ಪದ ಪ್ರಶ್ನೆ ಏಕೆ ಎದ್ದಿತೆಂಬುದನ್ನು ನಮ್ಮಲ್ಲಿ ಹಿರಿಯರಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಿರಿಯ ಮಗ ಓದಿ ನಾಲ್ಕು ಕಾಸು ತಂದಾನೆಂದು ತಂದೆ ಬಯಸಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ.

ಹುಡುಗನಿಗೆ ನಾದದ ಹುಚ್ಚು. ಬೀದಿಯಲ್ಲಿ ಭಜನೆಯ ಮೇಳವೋ ಬ್ಯಾಂಡಿನ ಮೆರವಣಿಗೆಯೋ ಹೊರಟರೆ ಅದರ ಬೆನ್ನು ಹತ್ತಿ ಹೋಗಿಬಿಡುತ್ತಿದ್ದ. ನಡೆದು ದಣಿದು ಎಲ್ಲಿ ನಿದ್ದೆ ಬಂದರೆ ಅಲ್ಲಿ ಮಲಗುತ್ತಿದ್ದ. ಮನೆಯವರು ಹುಡುಕಿ ಸೋತು ಪೊಲೀಸರಲ್ಲಿಗೆ ಹೋಗಬೇಕಾಗುತ್ತಿತ್ತು. ಬೇಸತ್ತ ತಂದೆ ಒಂದು ಉಪಾಯ ಹೂಡಿದರು: ಮಗನ ಅಂಗಿಗಳ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಸಿದರು. ಅಲ್ಲಿಂದಾಚೆಗೆ ಮಲಗಿದ್ದ ಹುಡುಗನನ್ನು ಕಂಡವರು ಎತ್ತಿ ತಂದು ಮನೆ ಮುಟ್ಟಿಸತೊಡಗಿದರು.

ಈ ಪ್ರಸಂಗವನ್ನು ಕೇಳಿ ನಾವು ನಗುತ್ತೇವೆ. ನನಗೆ ಮಾತ್ರ ಇದರಲ್ಲಿ ಆ ಊರಿನ ಒಂದು ಗುಣ ಕಾಣುತ್ತದೆ. ಅಂಗಿಯ ಮೇಲೆ ಬರೆದರೆ ಸಾಕು, ಓದಿದವನು ತನ್ನ ಕೆಲಸ ಬಿಟ್ಟು ಮಗುವನ್ನು ಮನೆಗೆ ತಲುಪಿಸುತ್ತಾನೆ ಎಂಬ ಭರವಸೆ ಮಾಸ್ತರರಿಗೆ ಇತ್ತು, ಮತ್ತು ಆ ಭರವಸೆ ಹುಸಿಯಾಗಲಿಲ್ಲ. ಕಲಾವಿದನ ಶಿಕ್ಷಣ ಆರಂಭವಾದದ್ದು ಇಲ್ಲಿಂದ ಎಂದು ನಾನು ತಿಳಿದಿದ್ದೇನೆ. ನಾದದ ಬೆನ್ನು ಹತ್ತಿ ಹೋದರೂ ತನ್ನನ್ನು ಜಗತ್ತು ಕೈಬಿಡುವುದಿಲ್ಲವೆಂಬುದನ್ನು ಆ ಮಗು ಮೊದಲು ಕಲಿತದ್ದು ಗದಗಿನ ಬೀದಿಗಳಲ್ಲಿ.

ಮೊದಲ ಗುರು ಕುರ್ತಕೋಟಿಯ ಚನ್ನಪ್ಪನವರು, ಇನಾಯತ್ ಖಾನರಲ್ಲಿ ಅಭ್ಯಾಸ ಮಾಡಿದವರು. ಅವರಿಂದ ಹುಡುಗನಿಗೆ ಭೈರವ, ಭೀಮಪಲಾಸಿ ರಾಗಗಳ ಪರಿಚಯವಾಯಿತು. ಆದರೆ ಅವನ ಎದೆಯಲ್ಲಿ ಕಿಚ್ಚು ಹಚ್ಚಿದ್ದು ಒಂದು ಗ್ರಾಮೋಫೋನ್ ತಟ್ಟೆ: ಉಸ್ತಾದ ಅಬ್ದುಲ್ ಕರೀಮ್ ಖಾನರು ಹಾಡಿದ, ಝಿಂಝೋಟಿ ರಾಗದ ಒಂದು ಠುಮರಿ. ಹೀಗೆ ಹಾಡಬೇಕು, ಹೀಗೆ ಹಾಡಲು ಕಲಿಸುವವರು ಬೇಕು. ಹುಡುಗನ ಮನಸ್ಸಿನಲ್ಲಿ ಉಳಿದದ್ದು ಇಷ್ಟೇ. ಅದೇ ಖಾನಸಾಹೇಬರ ಪಟ್ಟಶಿಷ್ಯರು ತನ್ನ ಊರಿನಿಂದ ಐವತ್ತು ಮೈಲಿಯ ಅಂತರದಲ್ಲಿಯೇ, ಕುಂದಗೋಳದಲ್ಲಿ ಇದ್ದಾರೆ. ಅವರ ಹಾಡನ್ನೂ ಅವನು ಒಮ್ಮೆ ಕೇಳಿದ್ದ. ಆದರೂ ಗುರುವೆಂದರೆ ದೂರದಲ್ಲಿರುವವನೇ ಎಂಬ ಭಾವನೆ ಹುಡುಗರಲ್ಲಿ ಇರುತ್ತದೆ. ಗ್ವಾಲಿಯರ್ ಎಂಬ ಹೆಸರಿಗಿದ್ದ ಸೆಳೆತ ಕುಂದಗೋಳಕ್ಕೆ ಇರಲಿಲ್ಲ.

2. ಮೂರು ವರ್ಷಗಳ ದಾರಿ

1933ರಲ್ಲಿ ಹುಡುಗ ಮನೆಬಿಟ್ಟ. ಬಿಜಾಪುರ, ಪುಣೆ, ಅಲ್ಲಿಂದ ಉತ್ತರಕ್ಕೆ. ಕೈಯಲ್ಲಿ ಕಾಸಿಲ್ಲ. ಗಂಟಲಿನಲ್ಲಿ ಕೇಳಿ ಕಲಿತ ಕೆಲವು ಹಾಡುಗಳಿದ್ದವು. ಡಬ್ಬಿಯಲ್ಲಿ ಕುಳಿತು ಹಾಡಿದರೆ ಸಹಪ್ರಯಾಣಿಕರು ತಿನ್ನಲು ಕೊಡುತ್ತಿದ್ದರು, ಕೆಲವರು ಹಣವನ್ನೂ ಕೊಟ್ಟರು. ಹಿಂದುಸ್ತಾನೀ ಸಂಗೀತದ ಇತಿಹಾಸ ಬರೆದವರು ರಾಜರನ್ನು ಹೆಸರಿಸಿದ್ದಾರೆ, ಜಮೀನುದಾರರನ್ನು ಹೆಸರಿಸಿದ್ದಾರೆ. ಮೂರನೆಯ ದರ್ಜೆಯ ಡಬ್ಬಿಯಲ್ಲಿ ತನ್ನ ಬುತ್ತಿಯ ಗಂಟು ಬಿಚ್ಚಿ ಅರ್ಧ ರೊಟ್ಟಿ ಮುರಿದುಕೊಟ್ಟವನು ಯಾವ ಇತಿಹಾಸದ ಪುಟದಲ್ಲೂ ಇಲ್ಲ. ಆದರೆ ಭೀಮಸೇನರಿಗೆ ದೊರೆತ ಮೊದಲ ಆಶ್ರಯದಾತ ಅವನೇ.

ಗ್ವಾಲಿಯರಿನಲ್ಲಿ ಸಿಂದೆ ಮನೆತನದ ಆಶ್ರಯದಲ್ಲಿ ನಡೆಯುತ್ತಿದ್ದ ಮಾಧವ ಸಂಗೀತ ವಿದ್ಯಾಲಯವಿತ್ತು. ಭಾತಖಂಡೆಯವರ ಮಾರ್ಗದರ್ಶನದಲ್ಲಿ 1918ರಲ್ಲಿ ಸ್ಥಾಪಿತವಾದ ಸಂಸ್ಥೆ. ಸರೋದ್ ವಾದಕ ಹಾಫಿಜ್ ಅಲಿ ಖಾನರ ನೆರವಿನಿಂದ ಹುಡುಗನಿಗೆ ಅಲ್ಲಿ ಪ್ರವೇಶ ದೊರೆಯಿತು. ಗಮನಿಸಿ: ಭಾಷೆ ಬಾರದ, ಗುರುತು ಪರಿಚಯವಿಲ್ಲದ ಒಬ್ಬ ಬಾಲಕನಿಗಾಗಿ ಉಸ್ತಾದರೊಬ್ಬರು ಒಂದು ಮಾತು ಹೇಳಿದರು. ಅವರಿಗೆ ಅದರಿಂದ ಆಗಬೇಕಾದದ್ದು ಏನೂ ಇರಲಿಲ್ಲ.

ಮುಂದೆ ಕಲ್ಕತ್ತ. ಅಲ್ಲಿ ಚಿತ್ರನಟ ಪಹಾಡಿ ಸಾನ್ಯಾಲರ ಮನೆಯಲ್ಲಿ ಮನೆಗೆಲಸದ ಹುಡುಗನಾಗಿ ಇದ್ದುಕೊಂಡು ದಿನ ಕಳೆದದ್ದು ಪ್ರಸಿದ್ಧ ಸಂಗತಿ. ವರ್ಷಗಳ ಬಳಿಕ ಅದೇ ನಗರದಲ್ಲಿ ಭೀಮಸೇನರ ಗಾಯನ ಕೇಳಿ ಮೆಚ್ಚಿದ ಸಾನ್ಯಾಲರಿಗೆ, ‘ಆ ಹುಡುಗ ನಾನೇ’ ಎಂದು ಅವರು ನೆನಪಿಸಿಕೊಟ್ಟರಂತೆ. ಅಲ್ಲಿಂದ ದಿಲ್ಲಿ, ಪಂಜಾಬಿನ ಜಲಂಧರ. ಜಲಂಧರದಲ್ಲಿ ಅಂಧ ಧ್ರುಪದ ಗಾಯಕ ಮಂಗತರಾಮರಲ್ಲಿ ಶಿಷ್ಯತ್ವ ಸಿಕ್ಕಿತು. ಆ ಊರಿನಲ್ಲಿ 1875ರಿಂದ ನಡೆದುಬಂದ ಹರಿವಲ್ಲಭ ಸಂಗೀತ ಸಮ್ಮೇಳನಕ್ಕೆ ದೇಶದ ನಾನಾ ಕಡೆಯ ಗಾಯಕರು ಬರುತ್ತಿದ್ದರು. ದೊಡ್ಡ ಗವಾಯಿಗಳು ಹಾಡುವುದನ್ನು ಮೂಲೆಯಲ್ಲಿ ಕುಳಿತು ಕೇಳುವ ಅವಕಾಶ ಹುಡುಗನ ಪಾಲಿಗೆ ಬಂತು.

ಈ ಅಲೆದಾಟದಿಂದ ಆದ ಲಾಭವೇನು? ಕ್ರಮಬದ್ಧವಾದ ಶಿಕ್ಷಣ ಆಗಲಿಲ್ಲ. ಆದರೆ ಕಿವಿ ತಯಾರಾಯಿತು. ಗ್ವಾಲಿಯರಿನ ನೇರ ನಡೆ, ಧ್ರುಪದದ ಗಂಭೀರ ಸ್ವರಲಗಾವು, ಉತ್ತರದ ಲಯಕಾರಿ, ಇವೆಲ್ಲವೂ ಹದಿಹರೆಯಕ್ಕೆ ಕಾಲಿಡುವ ಮೊದಲೇ ಕಿವಿಯೊಳಗೆ ಇಳಿದವು. ಮುಂದೆ ಅವರು ಕಿರಾನಾ ಘರಾನೆಯ ಗಾಯಕರಾಗಿದ್ದುಕೊಂಡೇ ಇತರ ಘರಾನೆಗಳ ಸೊಬಗನ್ನು ತಮ್ಮದಾಗಿಸಿಕೊಂಡರೆಂದು ವಿಮರ್ಶಕರು ಹೇಳುವಾಗ, ಅದರ ಬೀಜ ಈ ಮೂರು ವರ್ಷಗಳಲ್ಲಿದೆ ಎನ್ನಬಹುದು.

ಜೊತೆಗೇ ಒಂದು ಕಹಿಯಾದ ಮಾತನ್ನೂ ಹೇಳಲೇಬೇಕು. ಆ ಕಾಲದಲ್ಲಿ ಮನೆಬಿಟ್ಟ ಹುಡುಗರು ನೂರಾರು. ನಾಟಕ ಕಂಪನಿಗಳ ಹಿಂದೆ, ಸಂಗೀತದ ಹಿಂದೆ, ಸಿನಿಮಾದ ಹಿಂದೆ ಹೋದವರಲ್ಲಿ ಎಷ್ಟು ಮಂದಿ ಹಿಂದಿರುಗಲಿಲ್ಲ, ಎಷ್ಟು ಮಂದಿ ಹೋಟೆಲಿನ ಒಲೆಯ ಮುಂದೆಯೇ ಆಯುಷ್ಯ ಕಳೆದರು! ಅವರಲ್ಲಿಯೂ ಛಲವಿತ್ತು, ಹಸಿವೂ ಇತ್ತು. ಹಸಿವು ಯಾರಿಗೂ ಸ್ವರ ಕಲಿಸುವುದಿಲ್ಲ. ಕಷ್ಟಪಟ್ಟರೇ ಕಲೆ ಎಂಬ ಮಾತನ್ನು ಹೊಟ್ಟೆ ತುಂಬಿದ ನಾವು ಸಭೆಗಳಲ್ಲಿ ಹೇಳುವುದು ಸುಲಭ. ಭೀಮಸೇನರ ಬಾಳಿನಲ್ಲಿ ನಿಜವಾದ ವಿದ್ಯೆ ಆರಂಭವಾದದ್ದು ಹಸಿವು ನಿಂತ ಮೇಲೆ; ಒಂದು ಸೂರು, ಎರಡು ಹೊತ್ತಿನ ಊಟ, ಒಬ್ಬ ಗುರು ಖಚಿತವಾದ ಮೇಲೆ.

3. ಮರಳಿ ಐವತ್ತು ಮೈಲಿಗೆ

ಜಲಂಧರದಲ್ಲಿ ಭೇಟಿಯಾದ ವಿನಾಯಕರಾವ ಪಟವರ್ಧನರು, ಇದೇ ಪುಣೆಯವರು, ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು, ಹುಡುಗನ ಊರುಕೇರಿ ವಿಚಾರಿಸಿದರು. ಇಷ್ಟು ದೂರ ಏಕೆ ಬಂದೆ, ನಿನ್ನ ಊರಿನ ಪಕ್ಕದಲ್ಲಿಯೇ ಸವಾಯಿ ಗಂಧರ್ವರಿದ್ದಾರೆ, ಅವರಲ್ಲಿಗೆ ಹೋಗು ಎಂಬುದು ಅವರು ಕೊಟ್ಟ ಸಲಹೆಯ ಸಾರ. ತಾವೇ ಶಾಲೆ ನಡೆಸುತ್ತಿದ್ದ ಗವಾಯಿಯೊಬ್ಬರು ಪ್ರತಿಭಾವಂತ ಹುಡುಗನನ್ನು ತಮ್ಮ ಕಡೆಗೆ ಎಳೆದುಕೊಳ್ಳದೆ, ಬೇರೆ ಘರಾನೆಯ ಗುರುವಿನ ಮನೆಯ ದಾರಿ ತೋರಿಸಿದರು. ಇದೂ ಒಂದು ಬಗೆಯ ಅನ್ನದಾನವೇ. ಇತ್ತ ತಂದೆಯೂ ಮಗನ ಹುಡುಕಾಟ ಬಿಟ್ಟಿರಲಿಲ್ಲ. ಹುಡುಗ ಊರಿಗೆ ಮರಳಿದ. ಸಂಗೀತ ಬೇಡವೆಂದು ಮತ್ತೆ ಹಠ ಹಿಡಿಯದೆ ಮಾಸ್ತರರು ಮಗನ ದಾರಿಯನ್ನು ಒಪ್ಪಿದರು. ಹದಿನಾರು ಮಕ್ಕಳ ತಂದೆ, ಮನೆಯ ಭಾರಕ್ಕೆ ಹೆಗಲು ಕೊಡಬೇಕಾದ ಹಿರಿಯ ಮಗನನ್ನು ಹಾಡಿಗೆ ಬಿಟ್ಟುಕೊಟ್ಟರು. ಓಡಿಹೋದ ಮಗನ ಛಲವನ್ನು ಹೊಗಳುವ ನಾವು ಈ ತಂದೆಯ ತ್ಯಾಗವನ್ನು ಮರೆಯುತ್ತೇವೆ.

1936ರಲ್ಲಿ ಸವಾಯಿ ಗಂಧರ್ವರು ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. ಅವರ ನಿಜವಾದ ಹೆಸರು ರಾಮಚಂದ್ರ ಗಣೇಶ ಸವಂಶಿ, ಹುಟ್ಟಿದ್ದು 1886ರಲ್ಲಿ. ಅಂದಿನ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳದಲ್ಲಿ ಅವರ ತಂದೆ ನಾಡಗೇರ ಮನೆತನದಲ್ಲಿ ಗುಮಾಸ್ತರಾಗಿದ್ದರು. ಆ ವಾಡೆಗೆ ಬಂದುಹೋಗುತ್ತಿದ್ದ ಅಬ್ದುಲ್ ಕರೀಮ್ ಖಾನರು ಹುಡುಗನ ಕಂಠಕ್ಕೆ ಮನಸೋತು ಶಿಷ್ಯನನ್ನಾಗಿ ಮಾಡಿಕೊಂಡರು. ಖಾನಸಾಹೇಬರಾದರೋ ಉತ್ತರದ ಕೈರಾನಾದಲ್ಲಿ ಹುಟ್ಟಿ ಮೀರಜಿನಲ್ಲಿ ನೆಲೆಸಿದವರು, ಮೈಸೂರಿನ ಆಸ್ಥಾನಕ್ಕೆ ಹೋಗಿಬರುವ ದಾರಿಯಲ್ಲಿ ಧಾರವಾಡ ಹುಬ್ಬಳ್ಳಿಗಳಲ್ಲಿ ತಂಗುತ್ತಿದ್ದವರು. ರಾಮಚಂದ್ರ ಮುಂದೆ ಮರಾಠಿ ರಂಗಭೂಮಿಯಲ್ಲಿ ಹೆಸರು ಮಾಡಿ ‘ಸವಾಯಿ ಗಂಧರ್ವ’ ಎಂಬ ಬಿರುದು ಪಡೆದು, ಕೊನೆಗೆ ಕುಂದಗೋಳಕ್ಕೆ ಬಂದು ನೆಲೆಸಿದ್ದರು. ಹೀಗೆ ಪಶ್ಚಿಮ ಉತ್ತರಪ್ರದೇಶದ ಒಂದು ಊರಿನ ವಿದ್ಯೆ, ಮೀರಜಿನ ಮೂಲಕ, ಮರಾಠಿ ನಾಟಕದ ಮೂಲಕ, ಒಂದು ಕನ್ನಡ ಹಳ್ಳಿಯ ಪಡಸಾಲೆಗೆ ಬಂದು ಸೇರಿತ್ತು. ಹುಡುಗ ಹುಡುಕುತ್ತ ಹೋದ ಉತ್ತರವೇ ಅವನ ಹಿತ್ತಲಿಗೆ ಬಂದು ಕಾದಿತ್ತು.

ಗುರುಕುಲವೆಂದರೆ ತಂಬೂರಿ ಹಿಡಿದು ಕುಳಿತುಕೊಳ್ಳುವುದು ಮಾತ್ರವಾಗಿರಲಿಲ್ಲ. ದೂರದಿಂದ ಕೊಡಗಟ್ಟಲೆ ನೀರು ಹೊರಬೇಕು, ಮನೆಯ ಕಸಕಡ್ಡಿ ನೋಡಬೇಕು. ಗುರುವಿನ ಮನಸ್ಸು ಒಲಿದಾಗ ಪಾಠ. ಈ ಪದ್ಧತಿಯನ್ನು ನಾನು ಕಣ್ಣುಮುಚ್ಚಿ ಹೊಗಳಲಾರೆ. ಅದರಲ್ಲಿ ಮಕ್ಕಳ ಶ್ರಮದ ದುರುಪಯೋಗಕ್ಕೆ ಅವಕಾಶವಿತ್ತು, ಗುರುವಿನ ಕೃಪೆಯನ್ನೇ ಕಾಯುತ್ತ ಕೆಟ್ಟುಹೋದ ಶಿಷ್ಯರೂ ಇದ್ದರು. ಆದರೆ ಅದರಲ್ಲಿ ಒಂದು ಲಾಭವೂ ಇತ್ತು: ಶಿಷ್ಯನು ದಿನದ ಇಪ್ಪತ್ತನಾಲ್ಕು ಗಂಟೆಯೂ ಸ್ವರದ ಸನ್ನಿಧಿಯಲ್ಲಿರುತ್ತಿದ್ದ. ಬೇರೊಬ್ಬರಿಗೆ ಪಾಠವಾಗುವಾಗ ನೀರು ತುಂಬುತ್ತಿದ್ದವನ ಕಿವಿಗೂ ಆ ಪಾಠ ಬೀಳುತ್ತಿತ್ತು.

ಹದಿನಾಲ್ಕು ಹದಿನೈದು ಗಂಡುಹುಡುಗರಿಗೆ ದನಿ ಒಡೆಯುವ ವಯಸ್ಸು. ಬಾಲ್ಯದ ಸಣ್ಣ ಕಂಠ ಹೋಗಿ ಬರುವ ಹೊಸ ದನಿ ಯಾವುದಾಗುವುದೋ ಯಾರಿಗೂ ತಿಳಿಯದು. ಅವಸರ ಮಾಡಿದರೆ ಕಂಠ ಜೀವಮಾನವಿಡೀ ಕೆಡುತ್ತದೆ. ಮಂದ್ರ ಸಪ್ತಕದಲ್ಲಿ, ಬೆಳಗಿನ ಹೊತ್ತಿನಲ್ಲಿ, ದೀರ್ಘವಾಗಿ ಸ್ವರ ಹಚ್ಚಿ ನಿಲ್ಲಿಸುವ ಖರ್ಜದ ಸಾಧನೆಯೇ ಅದಕ್ಕೆ ಮದ್ದು. ಇದಕ್ಕೆ ಬೇಕಾದದ್ದು ತಿಂಗಳುಗಳಲ್ಲ, ವರ್ಷಗಳು. ಅಷ್ಟು ವರ್ಷ ಸಂಪಾದನೆಯ ಮಾತೇ ಇಲ್ಲ.

ರಾಗಗಳ ವಿಷಯದಲ್ಲಿಯೂ ಹಾಗೆಯೇ. ಸವಾಯಿ ಗಂಧರ್ವರು ಶಿಷ್ಯನಿಗೆ ರಾಗಗಳ ಪಟ್ಟಿಯನ್ನು ಕಲಿಸಲಿಲ್ಲ. ತೋಡಿ, ಮುಲ್ತಾನಿ, ಪೂರಿಯಾ, ಈ ಮೂರರ ಮೇಲೆಯೇ ಹೆಚ್ಚಿನ ತಾಲೀಮು. ಬೆಳಗಿಗೆ ತೋಡಿ, ಮಧ್ಯಾಹ್ನ ಇಳಿಯುವಾಗ ಮುಲ್ತಾನಿ, ಸಂಜೆ ಕವಿಯುವಾಗ ಪೂರಿಯಾ. ಈ ಆಯ್ಕೆಯಲ್ಲಿ ಒಂದು ಜಾಣತನವಿದೆ. ತೋಡಿಗೂ ಮುಲ್ತಾನಿಗೂ ಹತ್ತುವ ಸ್ವರಗಳು ಒಂದೇ: ಕೋಮಲ ರಿಷಭ, ಗಾಂಧಾರ, ಧೈವತ, ತೀವ್ರ ಮಧ್ಯಮ. ಆದರೆ ಎರಡರ ನಡಿಗೆ ಬೇರೆ, ನಿಲ್ಲುವ ತಾಣ ಬೇರೆ, ಗಾಂಧಾರದ ಮೇಲಿನ ಅಂದೋಲನ ಬೇರೆ. ಎರಡನ್ನೂ ಒಂದರಲ್ಲೊಂದು ಬೆರೆಯದಂತೆ ಹಾಡಬಲ್ಲವನಿಗೆ ರಾಗವೆಂದರೆ ಸ್ವರಗಳ ಲೆಕ್ಕವಲ್ಲವೆಂಬುದು ತಾನಾಗಿ ಅರ್ಥವಾಗುತ್ತದೆ. ಪಂಚಮವಿಲ್ಲದ ಪೂರಿಯಾ ಇನ್ನೊಂದು ಪರೀಕ್ಷೆ: ನಡುವೆ ಆಸರೆಯ ಸ್ವರವೇ ಇಲ್ಲದೆ ಕೆಳಗಿನ ನಿಷಾದದಿಂದ ಗಾಂಧಾರದವರೆಗೆ ಮನೆ ಕಟ್ಟಬೇಕು. ಒಂದೊಂದೇ ಸ್ವರವನ್ನು ಹಿಡಿದು ನಿಧಾನವಾಗಿ ಬೆಳೆಸುವ ಕಿರಾನಾ ಪದ್ಧತಿಗೆ ಈ ಮೂರು ರಾಗಗಳು ಮೂರು ಗರಡಿಮನೆಗಳಿದ್ದಂತೆ.

ನಾಲ್ಕೈದು ವರ್ಷ ಹೀಗೆ ನಡೆಯಿತು. ಆ ಕಾಲವೆಲ್ಲ ಗುರುವಿನ ಮನೆಯ ಒಲೆ ಶಿಷ್ಯನಿಗಾಗಿಯೂ ಉರಿಯಿತು. ಗುರುವಿನ ಹೆಸರನ್ನು ನಾವು ಉತ್ಸವಕ್ಕೆ ಇಟ್ಟಿದ್ದೇವೆ. ಒಲೆಯ ಮುಂದೆ ಕುಳಿತವರನ್ನು ಈ ಸಂಜೆ ಒಮ್ಮೆ ನೆನೆಯೋಣ.

4. ಓಡಿಹೋಗಲಾರದವರು

ಅದೇ ಕಾಲದಲ್ಲಿ, ಅದೇ ಪಡಸಾಲೆಗೆ, ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ರಾತ್ರಿ ಹಿಂದಿರುಗುತ್ತಿದ್ದ ಇನ್ನೊಬ್ಬ ಶಿಷ್ಯೆ ಇದ್ದರು: ಗಂಗೂಬಾಯಿ ಹಾನಗಲ್ಲರು. ಪಾಠ ಮುಗಿದ ಮೇಲೆ ಅವರನ್ನು ನಿಲ್ದಾಣದವರೆಗೆ ಬಿಟ್ಟುಬರುವುದು ಹುಡುಗ ಭೀಮಸೇನನ ಪಾಲಿನ ಕೆಲಸಗಳಲ್ಲೊಂದು. ಮುಂದೆ ಇವರಿಬ್ಬರ ನಡುವೆ ಅಕ್ಕ-ತಮ್ಮನ ಬಾಂಧವ್ಯ ಕೊನೆಯವರೆಗೂ ಉಳಿಯಿತು.

ಗಂಗೂಬಾಯಿಯವರು 1913ರಲ್ಲಿ ಹುಟ್ಟಿದವರು. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದುಸ್ತಾನೀ ಗಾಯನಕ್ಕೆ ತನ್ನ ಶೈಲಿಯ ನೆರಳು ಬೀಳಬಾರದೆಂದು ತಮ್ಮ ಹಾಡನ್ನೇ ನಿಲ್ಲಿಸಿದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದ ಬಾಲಕಿಯರಲ್ಲಿ ಗಂಗೂಬಾಯಿಯವರೂ ಒಬ್ಬರು. ಹಾಡುವ ಸಂಭ್ರಮದ ನಡುವೆಯೂ, ಊಟದ ಹೊತ್ತಿಗೆ ತನ್ನನ್ನು ಎಂಜಲೆಲೆ ಎತ್ತಲು ಹೇಳಿಯಾರೆಂಬ ಅಳುಕು ಆ ಬಾಲಕಿಯಲ್ಲಿತ್ತೆಂಬುದನ್ನು ಅವರೇ ಹೇಳಿಕೊಂಡಿದ್ದಾರೆ. ಜಾತಿಯ ಕಾರಣದಿಂದ, ಹಾಡುವ ಹೆಣ್ಣೆಂಬ ಕಾರಣದಿಂದ ಬೀದಿಯಲ್ಲಿ ಕೇಳಬೇಕಾಗಿದ್ದ ಮಾತುಗಳನ್ನೂ ಅವರು ಮರೆಮಾಚಿಲ್ಲ.

ಈ ಇಬ್ಬರನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ನಮ್ಮ ಛಲದ ಕಥೆ ಎಷ್ಟು ಕಿರಿದೆಂಬುದು ತಿಳಿಯುತ್ತದೆ. ಮಾಸ್ತರರ ಮಗ ಓಡಿಹೋಗಬಹುದಿತ್ತು. ದಾರಿಯಲ್ಲಿ ಅವನನ್ನು ಮನೆಯೊಳಗೆ ಕರೆದು ಉಣಬಡಿಸುವವರಿದ್ದರು. ಗಂಗೂಬಾಯಿಯವರಿಗೆ ಆ ಬಾಗಿಲುಗಳು ತೆರೆಯುತ್ತಿರಲಿಲ್ಲ. ಹೆಣ್ಣುಮಗಳೊಬ್ಬಳು ರೈಲಿನಲ್ಲಿ ಗ್ವಾಲಿಯರಿಗೆ ಓಡಿಹೋದರೆ ಜಗತ್ತು ಅವಳಿಗೆ ಕಾದಿಟ್ಟ ದಾರಿಗಳು ಬೇರೆ. ಅವರು ಸಂಸಾರವನ್ನೂ ಮಕ್ಕಳನ್ನೂ ಹೊತ್ತುಕೊಂಡು ಹುಬ್ಬಳ್ಳಿ-ಕುಂದಗೋಳಗಳ ನಡುವೆಯೇ ತಮ್ಮ ಯಾತ್ರೆ ಮಾಡಿದರು. ಛಲ ಇಬ್ಬರಲ್ಲೂ ಒಂದೇ. ಅದನ್ನು ಸಲಹಿದ ಸಮಾಜ ಮಾತ್ರ ಇಬ್ಬರಿಗೂ ಒಂದೇ ಆಗಿರಲಿಲ್ಲ.

ನಮ್ಮ ಹಳೆಯ ‘ವಾರಾನ್ನ’ದ ಪದ್ಧತಿ ನಿಮಗೆಲ್ಲ ಗೊತ್ತು. ಬಡ ವಿದ್ಯಾರ್ಥಿ ಸೋಮವಾರ ಒಬ್ಬರ ಮನೆಯಲ್ಲಿ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ ಉಂಡು ಓದಿದ. ಕರ್ನಾಟಕದ ಎಷ್ಟೋ ಮಂದಿ ವಿದ್ವಾಂಸರನ್ನು ಬೆಳೆಸಿದ ಪುಣ್ಯದ ಪದ್ಧತಿ ಅದು. ಅದರ ಬಾಗಿಲಲ್ಲಿ ಜಾತಿಯ ಹೊಸ್ತಿಲು ಇತ್ತೆಂಬುದೂ ಅಷ್ಟೇ ನಿಜ. ಆ ಹೊಸ್ತಿಲನ್ನು ದಾಟಿ ಮುಂದೆ ಹೋದವರೂ ನಮ್ಮಲ್ಲಿಯೇ ಇದ್ದಾರೆ. ಗದಗಿನ ಪಂಚಾಕ್ಷರ ಗವಾಯಿಗಳು ಸ್ವತಃ ಅಂಧರಾಗಿದ್ದು, ಜೋಳಿಗೆ ಹಿಡಿದು ಭಿಕ್ಷೆ ಬೇಡಿ, ಅಂಧರಿಗೂ ಅನಾಥರಿಗೂ ಅನ್ನದೊಡನೆ ಸಂಗೀತವನ್ನು ಉಣಿಸಿದರು. ಅವರ ಬಳಿಕ ಪುಟ್ಟರಾಜ ಗವಾಯಿಗಳು 2010ರಲ್ಲಿ ತಾವು ತೀರಿಹೋಗುವವರೆಗೂ ವೀರೇಶ್ವರ ಪುಣ್ಯಾಶ್ರಮದಲ್ಲಿ ಆ ಕೆಲಸವನ್ನು ನಡೆಸಿಕೊಂಡು ಬಂದರು. ಪಂಡಿತ ಬಸವರಾಜ ರಾಜಗುರುಗಳಂಥ ಗಾಯಕರು ಪಂಚಾಕ್ಷರ ಗವಾಯಿಗಳ ಆಶ್ರಯದಲ್ಲಿ ಬೆಳೆದವರೇ. ಕಲಾವಿದನು ಆಕಾಶದಿಂದ ಉದುರುವುದಿಲ್ಲ. ಯಾರದೋ ಜೋಳಿಗೆಯಿಂದ ಬರುತ್ತಾನೆ.

5. ಯಾರ ಭೀಮಸೇನ?

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 1941ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಮೊದಲ ಸಾರ್ವಜನಿಕ ಗಾಯನ. ಮರುವರ್ಷ ಮೊದಲ ಧ್ವನಿಮುದ್ರಿಕೆ. 1943ರಲ್ಲಿ ಮುಂಬಯಿಯ ಆಕಾಶವಾಣಿಯಲ್ಲಿ ಕಲಾವಿದ. 1946ರ ಜನವರಿಯಲ್ಲಿ ಗುರುಗಳ ಅರವತ್ತನೆಯ ಹುಟ್ಟುಹಬ್ಬದ ಸಂದರ್ಭದಲ್ಲಿ ಇದೇ ಪುಣೆಯಲ್ಲಿ ಹಾಡಿದ ಕಚೇರಿ ಅವರ ಹೆಸರನ್ನು ನಾಡಿನಲ್ಲಿ ಹರಡಿತು. ಮನೆಬಿಟ್ಟ ದಿನದಿಂದ ಅಲ್ಲಿಗೆ ಹದಿಮೂರು ವರ್ಷ. 1952ರಲ್ಲಿ ಗುರುಗಳು ತೀರಿಕೊಂಡರು. ಮರುವರ್ಷವೇ ಅವರ ಸ್ಮರಣೆಯ ಸಂಗೀತೋತ್ಸವ ಪುಣೆಯಲ್ಲಿ ಆರಂಭವಾಯಿತು. ಅನ್ನದ ಋಣವನ್ನು ಭೀಮಸೇನರು ತೀರಿಸಿದ ಬಗೆ ಅದು.

ಮಹಾರಾಷ್ಟ್ರ ಸರ್ಕಾರ 2002ರಲ್ಲಿ ಅವರಿಗೆ ‘ಮಹಾರಾಷ್ಟ್ರ ಭೂಷಣ’ ಕೊಟ್ಟಿತು. ಕರ್ನಾಟಕ 2005ರಲ್ಲಿ ‘ಕರ್ನಾಟಕ ರತ್ನ’ ಕೊಟ್ಟಿತು. 2008ರಲ್ಲಿ ಭಾರತರತ್ನ ಘೋಷಣೆಯಾಯಿತು. ಅವರು ನಮ್ಮವರೋ ಅವರವರೋ ಎಂಬ ವಾದ ಈ ಸಭಾಂಗಣದಲ್ಲಿಯೂ ಕೇಳಿಬಂದಿದೆ. ನನಗೆ ಈ ವಾದ ಅಷ್ಟೊಂದು ಮುಖ್ಯವೆನಿಸುವುದಿಲ್ಲ. 1933ರಲ್ಲಿ ಗದಗಿನ ಹುಡುಗನಿಗೆ ಪುಣೆ ಹೊರನಾಡು ಆಗಿರಲಿಲ್ಲ. ಎರಡೂ ಮುಂಬಯಿ ಇಲಾಖೆಯ ಊರುಗಳೇ. ಅವನು ಊರು ಬಿಟ್ಟನೇ ಹೊರತು ರಾಜ್ಯ ಬಿಡಲಿಲ್ಲ. 1956ರ ನವೆಂಬರ್ 1ರಂದು ಗಡಿಗಳು ಹೊಸದಾಗಿ ಬಿದ್ದಾಗ ಕನ್ನಡಿಗರ ಬಹುದಿನದ ಕನಸು ಕೈಗೂಡಿತು. ಜೊತೆಗೇ ಪುಣೆ, ಸೊಲ್ಲಾಪುರ, ಮುಂಬಯಿಗಳ ನಾವು ಒಂದೇ ರಾತ್ರಿಯಲ್ಲಿ ‘ಹೊರನಾಡಿನವರು’ ಆದೆವು. ಪುರಂದರದಾಸರ ಪದಗಳನ್ನೂ ತುಕಾರಾಮರ ಅಭಂಗಗಳನ್ನೂ ಒಂದೇ ಕಂಠದಲ್ಲಿ, ಒಂದೇ ಭಕ್ತಿಯಲ್ಲಿ ಹಾಡಿದವರನ್ನು ಎರಡು ಪಾಲು ಮಾಡಿ ಹಂಚಿಕೊಳ್ಳುವ ಬದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳೋಣ: ಇಂದು ಅಂಥ ಹುಡುಗನೋ ಹುಡುಗಿಯೋ ಪುಣೆಯ ನಿಲ್ದಾಣದಲ್ಲಿ ಇಳಿದರೆ ಅವರಿಗೆ ಅನ್ನವಿಡುವ ಮನೆ ಯಾವುದು?

6. ನಾಳಿನ ಠರಾವು

ಸಂಸ್ಥಾನಗಳು ಹೋದವು, ಅವುಗಳೊಡನೆ ಅವುಗಳ ಅನ್ಯಾಯಗಳೂ ಹೋದವು, ಅನ್ನಛತ್ರಗಳೂ ಹೋದವು. ಕಲ್ಕತ್ತದ ಐಟಿಸಿ ಸಂಗೀತ ಸಂಶೋಧನಾ ಅಕಾಡೆಮಿಯಲ್ಲಿ, ಹುಬ್ಬಳ್ಳಿಯಲ್ಲಿ ಗಂಗೂಬಾಯಿಯವರ ಹೆಸರಿನಲ್ಲಿ ಕರ್ನಾಟಕ ಸರ್ಕಾರ ಸ್ಥಾಪಿಸಿದ ಗುರುಕುಲದಲ್ಲಿ ಹಳೆಯ ಪದ್ಧತಿಯನ್ನು ಹೊಸ ಕಾಲಕ್ಕೆ ಹೊಂದಿಸುವ ಪ್ರಯತ್ನ ನಡೆದಿದೆ. ಆದರೆ ಅಲ್ಲಿ ಸೇರುವಷ್ಟು ತಯಾರಿ ಆಗುವವರೆಗಿನ ವರ್ಷಗಳು ಹೇಗೆ ಕಳೆಯಬೇಕು? ಕೆಲವು ವರ್ಷಗಳ ಹಿಂದೆ ಹಾವೇರಿಯ ಕಡೆಯ ಒಬ್ಬ ಹುಡುಗ ನಮ್ಮ ಕಚೇರಿಗೆ ಬಂದಿದ್ದ. ಪೇಟೆಯಲ್ಲಿ ಒಬ್ಬ ಗುರುಗಳು ಫೀಜಿಲ್ಲದೆ ಪಾಠ ಹೇಳಲು ಒಪ್ಪಿದ್ದರು. ಬೇಕಾಗಿದ್ದುದು ಇರಲು ಜಾಗ,  ಬೆಳಿಗ್ಗೆ ಐದಕ್ಕೆ ತಂಬೂರಿ ಹಿಡಿದು ಕುಳಿತರೆ ಯಾರೂ ಬಯ್ಯದ ಜಾಗ. ಬಾಡಿಗೆ ಕೋಣೆಗಳ ಮಾಲೀಕರು ಹಾಡುವವನೆಂದರೆ ಬೇಡವೆನ್ನುತ್ತಿದ್ದರು. ನಮ್ಮ ಸದಸ್ಯರ ಕುಟುಂಬವೊಂದು ತಮ್ಮ ಮಾಳಿಗೆಯ ಮೇಲಿನ ಕೋಣೆ ಬಿಟ್ಟುಕೊಟ್ಟಿತು. ಈಗ ಅವನು ಒಂದು ಶಾಲೆಯಲ್ಲಿ ಸಂಗೀತ ಶಿಕ್ಷಕ. ಅವನ ಹೆಸರು ನಿಮಗೆ ಗೊತ್ತಿಲ್ಲ, ನಾಳೆಯೂ ಗೊತ್ತಾಗಲಿಕ್ಕಿಲ್ಲ. ಆದರೆ ವರ್ಷಕ್ಕೆ ನೂರು ಮಕ್ಕಳ ಕಿವಿಗೆ ಅವನು ಷಡ್ಜ ಹಾಕುತ್ತಿದ್ದಾನೆ.

ನಾಳಿನ ಸಭೆಯಲ್ಲಿ, ಸಂಘದ ಕಟ್ಟಡದ ಮೇಲಂತಸ್ತಿನ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡಬೇಕೋ, ಕಲೆ ಕಲಿಯಲು ಬರುವ ಕನ್ನಡ ವಿದ್ಯಾರ್ಥಿಗಳಿಗೆ ಬಿಡಬೇಕೋ ಎಂಬ ಠರಾವು ಬರಲಿದೆ. ಖಜಾಂಚಿಯವರ ಆತಂಕ ನನಗೆ ಅರ್ಥವಾಗುತ್ತದೆ. ಕಟ್ಟಡದ ದುರಸ್ತಿಗೆ ಹಣ ಬೇಕು. ಬಾಡಿಗೆ ಖಚಿತವಾದ ಆದಾಯ. ಬರುವ ಹುಡುಗ ಯೋಗ್ಯನೋ ಅಲ್ಲವೋ ಎಂದು ನಿರ್ಣಯಿಸುವವರು ಯಾರು, ಅವನು ದೊಡ್ಡ ಕಲಾವಿದನಾಗದಿದ್ದರೆ ಸಂಘಕ್ಕೆ ಏನು ಲಾಭ ಎಂದೂ ಕೆಲವರು ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಗಳೇ.

ನನ್ನ ಉತ್ತರ ಇಷ್ಟು. ಸಾನ್ಯಾಲರ ಮನೆಯವರಿಗೆ ತಮ್ಮ ಪಾತ್ರೆ ತೊಳೆಯುವ ಹುಡುಗ ಮುಂದೆ ಯಾರಾಗುವನೆಂಬುದು ತಿಳಿದಿರಲಿಲ್ಲ. ರೈಲಿನಲ್ಲಿ ರೊಟ್ಟಿ ಮುರಿದುಕೊಟ್ಟವನಿಗೂ ತಿಳಿದಿರಲಿಲ್ಲ. ತಿಳಿದು ಕೊಟ್ಟಿದ್ದರೆ ಅದು ವ್ಯಾಪಾರವಾಗುತ್ತಿತ್ತು. ಹತ್ತು ಜನಕ್ಕೆ ಜಾಗ ಕೊಟ್ಟರೆ ಒಂಬತ್ತು ಜನ ಸಂಗೀತ ಶಿಕ್ಷಕರಾಗಲಿ, ಒಳ್ಳೆಯ ಕೇಳುಗರಾಗಲಿ, ಅಷ್ಟಾದರೂ ಕೋಣೆಗಳು ಸಾರ್ಥಕ. ದುರಸ್ತಿಯ ಹಣಕ್ಕೆ ಬೇರೆ ದಾರಿ ಹುಡುಕೋಣ. ಊಟದ ವಿಷಯದಲ್ಲಿ ಹಳೆಯ ವಾರಾನ್ನವನ್ನೇ ಹೊಸದಾಗಿ ಆರಂಭಿಸೋಣ: ಏಳು ಮನೆಗಳು ಏಳು ದಿನ. ಈ ಬಾರಿ ಹೊಸ್ತಿಲಿಲ್ಲದೆ. ಜಾತಿ ಕೇಳದೆ, ಧರ್ಮ ಕೇಳದೆ. ಮತ್ತು ಎರಡು ಕೋಣೆಗಳಲ್ಲಿ ಒಂದನ್ನು ಹೆಣ್ಣುಮಕ್ಕಳಿಗೇ ಮೀಸಲಿಡೋಣ. ಕುಂದಗೋಳದ ಪಾಠ ಮುಗಿಸಿ ರಾತ್ರಿಯ ರೈಲಿಗಾಗಿ ನಡೆದು ಹೋಗುತ್ತಿದ್ದವರ ನೆನಪಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.

ಸೋಮವಾರದ ಮನೆಯಾಗಿ ನಮ್ಮ ಮನೆಯ ಹೆಸರನ್ನು ನಾನು ಈಗಲೇ ಕಾರ್ಯದರ್ಶಿಗಳಲ್ಲಿ ಬರೆಸಿದ್ದೇನೆ. ಇನ್ನು ಆರು ದಿನಗಳು ಉಳಿದಿವೆ.